ಸಂಕ್ರಾಂತಿ ಕಳೆಯಲಿ ಎಂದೆ

ಬೆಳಗಿನ ಹೊತ್ತು ಆಕೆ ಹಿಂದುಹಿಂದಕ್ಕೆ ನಡೆಯುತ್ತಿದ್ದರು. ಮುಖ ಬಸ್ ಸ್ಟ್ಯಾಂಡಿನ ಕಡೆಗೆ, ಹೆಜ್ಜೆ ನಮ್ಮ ಮನೆಯ ಕಡೆಗೆ. ಅಂಗೈಗಳನ್ನು ಎದೆಯ ಮುಂದೊಮ್ಮೆ, ಬೆನ್ನ ಹಿಂದೊಮ್ಮೆ ಚಟಚಟನೆ ತಟ್ಟುತ್ತ, ಒಂದು ಸಲವೂ ತಲೆ ತಿರುಗಿಸದೆ, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬಿಡುತ್ತಿದ್ದರು. ಕಿವಿಯ ಮಟ್ಟಕ್ಕೆ ಕತ್ತರಿಸಿದ ಬಿಳಿಯ ಕೂದಲು, ತುಂಬುತೋಳಿನ ಹೂವಿನ ಅಂಗಿ, ಬಟ್ಟೆಯ ಶೂ. ಈಕೆ ಬರುತ್ತಿದ್ದಾರೋ ಹೋಗುತ್ತಿದ್ದಾರೋ ತಿಳಿಯದೆ ಬೀದಿನಾಯಿಗಳು ಬೊಗಳುವುದನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದವು.

ನನಗೂ ಆಕೆಗೂ ಪರಿಚಯವಾದದ್ದು ಹಾಗೆಯೇ. ನಾನು ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದೆ. ಹಿಮ್ಮಡಿಯೊಂದು ಬಂದು ಚುಕ್ಕಿಗಳ ನಡುವೆ ಊರಿತು.

“ರೀ, ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದ್ದೀರಾ?” ಎಂದು ರೇಗಿದೆ.

ಆಕೆ ತಿರುಗಿ ನೋಡಿ, ಬಾಯಿಗೆ ಕೈ ಹಚ್ಚಿ, ಶೂ ಬಿಚ್ಚಿ ಪಕ್ಕಕ್ಕಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಅಳಿಸಿದ ಗೆರೆಯನ್ನು ಬೆರಳ ತುದಿಯಿಂದ ತಿದ್ದತೊಡಗಿದರು. ಮೂವತ್ತೈದು ವರ್ಷದಿಂದ ಆ ಬಾಗಿಲಿಗೆ ರಂಗೋಲಿ ಹಾಕುತ್ತಿರುವವಳು ನಾನು. ಆಕೆ ತಿದ್ದಿದ ಗೆರೆ ನನ್ನದಕ್ಕಿಂತ ನೆಟ್ಟಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.

ಆಕೆ ಎದುರು ಮನೆಯ ಡಾಕ್ಟರ ಅತ್ತೆ. ಡಾಕ್ಟರು ನಮ್ಮ ಬೀದಿಯಲ್ಲೇ ಆಡಿ ಬೆಳೆದವರು. ತಂದೆ ಕೊಬ್ಬರಿ ಮಂಡಿ ಇಟ್ಟಿದ್ದರು. ವೈದ್ಯಕೀಯ ಓದಲು ಚೀನಾಕ್ಕೆ ಹೋಗಿ, ಜೊತೆಯಲ್ಲಿ ಓದಿದ ಹುಡುಗಿಯನ್ನು ಮದುವೆಯಾಗಿ, ವಾಪಸು ಬಂದು ತಿಪಟೂರಿನಲ್ಲೇ ಕ್ಲಿನಿಕ್ ತೆರೆದರು. ಆ ಹುಡುಗಿ ಎರಡೇ ವರ್ಷದಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಳು. ಇಲ್ಲಿ ಅವಳಿಗೆ ಮಗಳು ಹುಟ್ಟಿದಳು, ಅಲ್ಲಿ ಅವಳ ತಂದೆ ತೀರಿಕೊಂಡರು. ಇವಳು ಒಬ್ಬಳೇ ಮಗಳು. ತಾಯಿಯ ಮನೆ ಮಾರಿಸಿ, ವೀಸಾ ಕಾಗದಗಳನ್ನು ಮಾಡಿಸಿ, ಅರವತ್ತೆಂಟು ದಾಟಿದ ಮೇಲೆ ಆಕೆಯನ್ನು ಇಲ್ಲಿಗೆ ಕರೆತಂದಳು. ಮೊಮ್ಮಗಳು ಆಕೆಯನ್ನು ‘ಪೋಪೋ’ ಎಂದು ಕರೆಯುತ್ತಿದ್ದಳು. ಅವರ ಕಡೆ ತಾಯಿಯ ತಾಯಿಗೆ ಹಾಗೆನ್ನುತ್ತಾರಂತೆ. ನಮ್ಮ ಬೀದಿಯವರು ಅದಕ್ಕೆ ಇನ್ನೊಂದು ಅಜ್ಜಿಯನ್ನು ಅಂಟಿಸಿ ಪೋಪಜ್ಜಿ ಮಾಡಿಕೊಂಡರು. ಹಿಂದುಹಿಂದಕ್ಕೆ ನಡೆಯುವುದು ಅವರ ಕಡೆ ವಯಸ್ಸಾದವರ ವ್ಯಾಯಾಮವಂತೆ.

ಮಗು ನೋಡಿಕೊಳ್ಳಲೆಂದು ಬಂದವರು. ಮಗು ಸ್ಕೂಲು ಬಸ್ಸು ಹತ್ತುವಷ್ಟಾದ ಮೇಲೆ ಆ ಮನೆಯಲ್ಲಿ ಆಕೆಗೆ ಕೆಲಸವೇ ಉಳಿಯಲಿಲ್ಲ. ಗಂಡ ಹೆಂಡತಿ ಇಬ್ಬರೂ ಕ್ಲಿನಿಕ್ಕಿಗೆ ಹೋದರೆ ಬರುವುದು ಸಂಜೆ. ಅಡುಗೆ, ಕಸ ಮುಸುರೆಗೆ ಹೆಣ್ಣಾಳು ಇದ್ದಳು. ಅವಳೂ ಹತ್ತು ಗಂಟೆಗೆಲ್ಲ ಕೆಲಸ ಮುಗಿಸಿ ಹೊರಡುತ್ತಿದ್ದಳು. ಆಮೇಲೆ ಆಕೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಆಕೆಗೆ ಬರುತ್ತಿದ್ದ ಕನ್ನಡ ಒಂದೇ: “ಊಟಾಯ್ತಾ?” ಅವರ ಊರಲ್ಲೂ ಎದುರು ಸಿಕ್ಕವರನ್ನು ಹೀಗೆಯೇ ಕೇಳುತ್ತಾರಂತೆ. ಹಾಲಿನವನನ್ನು, ಪೇಪರಿನವನನ್ನು, ಸ್ಕೂಟರಿನಲ್ಲಿ ಹೋಗುವವರನ್ನು, ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ನಾಲ್ಕಕ್ಕೂ ಅದನ್ನೇ ಕೇಳುತ್ತಿದ್ದರು. ಎಲ್ಲರೂ “ಆಯ್ತು ಆಯ್ತು” ಎಂದು ನಗುತ್ತ ಹೋಗಿಬಿಡುತ್ತಿದ್ದರು. ನಾನೂ ಹಾಗೆಯೇ ಹೋಗಿದ್ದೇನೆ. ನಿಂತು, “ನಿಮ್ದು?” ಎಂದು ಕೇಳಿದವರು ಎಷ್ಟು ಜನ? ಈಗ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ರಂಗೋಲಿ ತುಳಿದ ದಿನದ ಮೇಲೆ ಆಕೆ ಆಗಾಗ ನಮ್ಮ ಮನೆಗೆ ಬರತೊಡಗಿದರು. ನಾನೇನೂ ಕಡಿಮೆ ಮಾಡಲಿಲ್ಲ. ಮಾಡಿದ ತಪ್ಪೇ ಅದು. ಡಾಕ್ಟರ ಅತ್ತೆ, ಬೀಗರ ಸ್ಥಾನದವರು, ಪರದೇಶದಿಂದ ಬಂದವರು. ನಡುಮನೆಯಿಂದ ಒಳ್ಳೆಯ ಕುರ್ಚಿ ತರಿಸಿ, ಸೆರಗಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹಾಕಿ ಕೂರಿಸುತ್ತಿದ್ದೆ. ಎಳನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ, ತಣ್ಣಗಿನದು ಆಗದು. ಬಿಸಿನೀರು ಕೊಟ್ಟರೆ ಎರಡು ಕೈಯಲ್ಲಿ ಲೋಟ ಹಿಡಿದು ಗುಟುಕುಗುಟುಕಾಗಿ ಕುಡಿಯುತ್ತಿದ್ದರು. ಅವರೆಕಾಯಿ ಸುಲಿಯುವಾಗ ಕೈಯಿಟ್ಟರೆ, “ಅಯ್ಯೋ, ನೀವ್ಯಾಕ್ರೀ?” ಎಂದು ಮೊರ ಎಳೆದುಕೊಳ್ಳುತ್ತಿದ್ದೆ. ಹೂ ಕಟ್ಟುವಾಗ ದಾರ ಹಿಡಿದರೆ ಬಿಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದವರ ಕೈಲಿ ಕೆಲಸ ಮಾಡಿಸುವುದುಂಟೇ? ನಮ್ಮತ್ತೆ ಇದ್ದಿದ್ದರೆ ನನ್ನ ಕೈ ಮುರಿಯುತ್ತಿದ್ದರು. ಮಾತು ಬಾರದು, ಕೆಲಸ ಕೊಡರು. ಹತ್ತು ನಿಮಿಷ ಕೂತು, ನಕ್ಕು, ಎದ್ದು ಹೋಗುತ್ತಿದ್ದರು. ಒಂದು ವರ್ಷದ ಮೇಲೆ ಹೀಗೆ ನಡೆಯಿತು. ಒಬ್ಬ ಹೆಂಗಸನ್ನು ಗೌರವದಿಂದಲೇ ಎಷ್ಟು ದೂರ ಕೂರಿಸಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಒಮ್ಮೆ ಮೊಬೈಲು ತಂದಿದ್ದರು. ಆಕೆ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಅದು ಕನ್ನಡ ಮಾಡಿ, ವಾರ್ತೆ ಓದುವವರ ದನಿಯಲ್ಲಿ ಹೇಳುತ್ತಿತ್ತು. “ದಿನವು ಬಹಳ ಉದ್ದವಾಗಿದೆ” ಎಂದಿತು.

“ಹೂಂ ಕಣ್ರೀ, ಬ್ಯಾಸಿಗೆ ಅಲ್ವಾ” ಎಂದೆ ನಾನು. ಶಿವನೇ, ಎಂಥ ದಡ್ಡಿ.

ಶಿವರಾತ್ರಿ ಕಳೆದು ನಮ್ಮ ಅಟ್ಟದ ಕಾಯಿ ಇಳಿಸಿದ್ದೆವು. ಈ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ: ಸಿಪ್ಪೆಸಮೇತ ತೆಂಗಿನಕಾಯನ್ನು ಅಟ್ಟಕ್ಕೆ ಏರಿಸಿ ಹತ್ತಾರು ತಿಂಗಳು ಬಿಟ್ಟರೆ ಒಳಗಿನ ನೀರು ತಾನೇ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ತಿಳಿಯುತ್ತದೆ. ಗುಳುಗುಳು ಎಂದರೆ ಇನ್ನೂ ನೀರಿದೆ, ಲೊಟಲೊಟ ಎಂದರೆ ಆಯಿತು. ಆಮೇಲೆ ಗಂಡಾಳುಗಳು ಸಿಪ್ಪೆ ಸುಲಿದು ಕೊಡುತ್ತಾರೆ. ಹೆಂಗಸರು ಸಾಲಾಗಿ ನೆಲದಲ್ಲಿ ಕೂತು, ಉಂಡೆಗೆ ಪೆಟ್ಟಾಗದ ಹಾಗೆ ಚಿಪ್ಪು ಒಡೆದು ತೆಗೆಯುತ್ತಾರೆ.

ಹಿತ್ತಲಿನಲ್ಲಿ ಆ ಕೆಲಸ ನಡೆಯುತ್ತಿದ್ದಾಗ ಪೋಪಜ್ಜಿ ಬಂದರು. ನಾನು ಎಂದಿನಂತೆ ಕುರ್ಚಿ ಹಾಕಿದೆ. ಸಾಲಿನ ಮುಂದಾಳು ಸಾಕಮ್ಮ, ಅರಳಗುಪ್ಪೆ ಕಡೆಯವಳು, ಬಾಯಿಗೆ ಬೀಗವಿಲ್ಲ.

“ಅಕ್ಕಾ, ಇವ್ರು ಹಾವು ತಿಂತಾರಂತೆ, ದಿಟವಾ?”

“ನಿನ್ ತಲೆ. ಡಾಕ್ಟ್ರ ಮನೇಲಿ ಮೊಟ್ಟೇನೂ ಸೇರ್ಸಲ್ಲ. ಪಾಪ, ಬಂದಾಗಿಂದ ಬರೀ ಸೊಪ್ಪು ತಿನ್ಕೊಂಡವ್ರೆ.”

“ಅಯ್ಯೋ, ಅದುಕ್ಕೇ ಹಿಂದಿಂದಕ್ಕೆ ನಡೀತದೆ ಬುಡು. ಊರಿಗೆ ವಾಪಸ್ ಹೋಗಾಕೆ ದಾರಿ ಹುಡುಕ್ತಾ ಅದೆ!”

ಎಲ್ಲರೂ ನಕ್ಕರು. ಪೋಪಜ್ಜಿಯೂ ನಕ್ಕರು, ಏನೂ ತಿಳಿಯದೆ. ಆಮೇಲೆ ಕುರ್ಚಿಯಿಂದ ಎದ್ದು, ರಾಶಿಯಿಂದ ಒಂದು ಕಾಯಿ ತೆಗೆದುಕೊಂಡು, ಅಲ್ಲಾಡಿಸದೆ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟರು. ಅದನ್ನು ಪಕ್ಕಕ್ಕಿಟ್ಟರು. ಇನ್ನೊಂದು, ಮತ್ತೊಂದು. ಹೀಗೆ ಐದನ್ನು ಬೇರೆ ಮಾಡಿ, ಮೂಗು ಮುಚ್ಚಿಕೊಂಡು ತೋರಿಸಿದರು. ಸಾಕಮ್ಮ “ನೋಡೇಬುಡಾನ” ಎಂದು ಒಡೆದಳು. ಐದರಲ್ಲಿ ನಾಲ್ಕು ಒಳಗೆ ಕೊಳೆತಿದ್ದವು.

ಪೋಪಜ್ಜಿ ಮೊಬೈಲು ತೆಗೆದು ಏನೋ ಹೇಳಿದರು. “ದಯವಿಟ್ಟು ನನಗೆ ಉದ್ಯೋಗ ನೀಡಿ” ಎಂದಿತು ಅದು.

“ಅಕ್ಕೋ, ಗೌರ್ಮೆಂಟ್ ಕೆಲ್ಸ ಕೇಳ್ತದೆ ಅಜ್ಜಿ!” ಎಂದು ಸಾಕಮ್ಮ ಬಿದ್ದುಬಿದ್ದು ನಕ್ಕಳು. ನಗುತ್ತಲೇ ಪಕ್ಕಕ್ಕೆ ಸರಿದು, ಗೋಣಿಚೀಲ ಮಡಿಸಿ ಹಾಸಿ, ನೆಲ ತಟ್ಟಿ, “ಬಾರವ್ವ, ಕೂತ್ಕೋ” ಎಂದಳು. ನಾನು ವರ್ಷದ ಮೇಲಾದರೂ ಮಾಡಲಾರದ್ದನ್ನು ಅವಳು ಒಂದು ಗೋಣಿಚೀಲದಲ್ಲಿ ಮಾಡಿದಳು.

ಆಮೇಲೆ ಆಕೆಯ ಮಗಳಿಂದ ತಿಳಿಯಿತು. ಪೋಪಜ್ಜಿ ಇಪ್ಪತ್ತೆಂಟು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಇದ್ದವರಂತೆ. ಬಟ್ಟಲುಗಳನ್ನು ಒಂದೊಂದಾಗಿ ಬಡಿದು, ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುವುದು ಆಕೆಯ ಕೆಲಸ. ಅಂಥ ಕಿವಿಯನ್ನು ನಾನು ಫ್ಯಾನಿನ ಸದ್ದು ಕೇಳಲು ಕೂರಿಸಿದ್ದೆ.

ಮೂರು ವಾರ. ಶಿವ ಆಕೆಗೆ ಮೂರು ವಾರ ಕೊಟ್ಟ, ಅಷ್ಟಾದರೂ ಕೊಟ್ಟನಲ್ಲ ಎಂದು ದಿನವೂ ಪೂಜೆಯಲ್ಲಿ ಹೇಳಿಕೊಳ್ಳುತ್ತೇನೆ. ಹೇಳಿಕೊಂಡರೂ ಹೊಟ್ಟೆ ತಣ್ಣಗಾಗುವುದಿಲ್ಲ. ಒಂಬತ್ತಕ್ಕೆ ಸರಿಯಾಗಿ ಬಂದು, ತೋಳು ಮಡಚಿ, ತಲೆಗೆ ಟವೆಲು ಕಟ್ಟಿ ಕೂರುತ್ತಿದ್ದರು. ಅನುಮಾನದ ಕಾಯಿ ಬಂದರೆ ಸಾಲಿನ ಹೆಂಗಸರು “ಪೋಪಜ್ಜೀ” ಎಂದು ಉರುಳಿಸುತ್ತಿದ್ದರು. ಆಕೆ ಬಡಿದು ನೋಡಿ ಹೂಂ ಅಥವಾ ಊಹೂಂ. ಸಾಕಮ್ಮ ತನ್ನ ಸೊಸೆಯನ್ನು ಕನ್ನಡದಲ್ಲಿ ಬೈದರೆ ಆಕೆ ಇನ್ನಾರನ್ನೋ ಚೀನೀಯಲ್ಲಿ ಬೈಯುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ತಲೆದೂಗುತ್ತಿದ್ದರು. ಹನ್ನೊಂದಕ್ಕೆ ಎಲ್ಲರಿಗೂ ಟೀ, ಆಕೆಗೆ ಬಿಸಿನೀರು. ಆ ಮೂರು ವಾರ ಬೀದಿಯಲ್ಲಿ ಆಕೆ ಯಾರನ್ನೂ ಊಟಾಯ್ತಾ ಎಂದು ಕೇಳಲಿಲ್ಲ. ಕೇಳಲು ಪುರುಸೊತ್ತಿರಲಿಲ್ಲ.

ನಾಲ್ಕನೆಯ ವಾರ ಡಾಕ್ಟರು ಬಂದರು. ಇಸ್ತ್ರಿ ಅಂಗಿ, ಮೆಲುದನಿ. ನನ್ನನ್ನು ಬಾಗಿಲ ಹಿಂದಕ್ಕೆ ಕರೆದರು.

“ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ನಿನ್ನೆ ಕ್ಲಿನಿಕ್ಕಲ್ಲಿ ಒಬ್ರು, ‘ಏನ್ ಡಾಕ್ಟ್ರೇ, ನಿಮ್ಮತ್ತೇನ ಕೂಲಿಗೆ ಕಳಿಸ್ತಿದ್ದೀರಂತೆ’ ಅಂದ್ರು. ಎಲ್ರೆದುರ್ಗೆ. ಮನೆಗೆ ಬಂದ್ರೆ ಬಿಸ್ನೀರು ಕೊಟ್ಟು ಮಾತಾಡ್ಸಿ. ನೆಲದ್ ಮೇಲೆ ಕೆಲ್ಸಕ್ ಕೂರಿಸ್ಬೇಡಿ.”

ನನ್ನ ನಾಲಿಗೆಯ ಮೇಲೆ ಹತ್ತು ಮಾತು ಬಂದವು. ಆದರೆ ನಮ್ಮ ಮನೆಯವರಿಗೆ ಎದೆನೋವು ಬಂದ ಬೆಳಿಗ್ಗೆ ಕಾರಿನಲ್ಲಿ ಮಲಗಿಸಿಕೊಂಡು ತುಮಕೂರಿಗೆ ಓಡಿದ್ದ ಹುಡುಗ ಅವನು. “ಆಯ್ತಪ್ಪ” ಎಂದೆ. ಅಷ್ಟೇ ಅಂದೆ.

ಮರುದಿನ ಆಕೆ ಬರುವ ಹೊತ್ತಿಗೆ ಗೋಣಿಚೀಲ ಎತ್ತಿಟ್ಟು ಕುರ್ಚಿ ಹಾಕಿದ್ದೆ. ಸಾಕಮ್ಮ ನನ್ನ ಮುಖ ನೋಡಲಿಲ್ಲ. ಆಕೆ ತಾವು ಕೂರುತ್ತಿದ್ದ ಜಾಗ ನೋಡಿದರು, ಕುರ್ಚಿ ನೋಡಿದರು, ನನ್ನನ್ನು ನೋಡಿದರು. ತಲೆಯ ಟವೆಲು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಕಾರಣ ಹೇಳಲು ನನ್ನ ಹತ್ತಿರ ಭಾಷೆ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೇ? ಅದೂ ಅನುಮಾನವೇ.

ಆಮೇಲೆ ಗೇಟಿನ ಹತ್ತಿರವೂ ಕಾಣಲಿಲ್ಲ. ತಿಂಗಳಾದ ಮೇಲೆ ಆಕೆಯ ಮಗಳು ಬಂದಳು. ಕಣ್ಣ ಕೆಳಗೆ ಕಪ್ಪು.

“ಆಂಟಿ, ಅಮ್ಮ ಮಾತಾಡ್ತಿಲ್ಲ. ನನ್ ಜೊತೇನೂ ಇಲ್ಲ. ಊಟ ಅರ್ಧ ಬಿಡ್ತಾರೆ. ಬ್ಲಡ್ ಟೆಸ್ಟ್ ಎಲ್ಲ ಮಾಡ್ಸಿದೆ, ಸರಿಯಾಗೇ ಇದೆ. ನಿಮ್ಮನೆಗೆ ಯಾಕೆ ಬರ್ತಿಲ್ಲ? ಜಗಳ ಆಯ್ತಾ?”

ಗಂಡ ಅವಳಿಗೆ ಹೇಳಿರಲೇ ಇಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. “ನಾನೂ ನೋಡ್ಬೇಕಿತ್ತು ಆಂಟಿ. ಅಮ್ಮ ಆ ಮೂರು ವಾರ ಗೊರಕೆ ಹೊಡೀತಿದ್ರು. ಯಾಕೆ ಅಂತ ನಾನು ಕೇಳ್ಲೇ ಇಲ್ಲ” ಎಂದಳು.

ಅಂದೇ ನಾನು ಕ್ಲಿನಿಕ್ಕಿಗೆ ಹೋದೆ. ಚೀಟಿ ತೆಗೆದುಕೊಂಡು, ಕೆಮ್ಮುವವರ ನಡುವೆ ಕೂತು, ನನ್ನ ಸರದಿಯಲ್ಲಿ ಒಳಗೆ ಹೋದೆ.

“ಏನಾಯ್ತು ಚಿಕ್ಕಮ್ಮ, ಬಿಪಿನಾ?”

“ನಂಗೇನಾಗಿಲ್ಲ ಕಣಪ್ಪ. ನಿಮ್ಮತ್ತೆ ವಿಷ್ಯ.”

“ಮನೇಲಿ ಮಾತಾಡೋಣ. ಹೊರ್ಗಡೆ ಜನ ಕಾಯ್ತಾ ಅವ್ರೆ.”

“ನಾನೂ ಕಾದೇ ಬಂದಿದ್ದೀನಿ. ನನ್ ಸರದೀಲಿ ನಾನ್ ಮಾತಾಡ್ತೀನಿ.”

ಅವನು ಪೆನ್ನು ಕೆಳಗಿಟ್ಟ. “ಅವ್ರಿಗೇನ್ ಕಮ್ಮಿ ಮಾಡಿದ್ದೀನಿ ಹೇಳಿ? ಬೇರೆ ರೂಮಿದೆ, ಟಿವಿ ಇದೆ, ಕೆಲ್ಸದೋಳಿದ್ದಾಳೆ. ಒಂದ್ ಲೋಟ ಎತ್ತಿಡಂಗಿಲ್ಲ.”

“ಅದೇ ಕಣಪ್ಪ ನಾನೂ ಹೇಳ್ತಿರೋದು. ಒಂದ್ ಲೋಟನಾದ್ರೂ ಎತ್ತಿಡಾಕೆ ಬುಡು.”

ಅವನು ನನ್ನ ಚೀಟಿಯನ್ನು ಎರಡು ಮಡಿಕೆ ಮಾಡಿದ. ಹೊರಗೆ ಯಾರದೋ ಮಗು ಅಳುತ್ತಿತ್ತು. “ಜನ ಏನಂತಾರೆ ಅಂತ ನೋಡ್ದೆ ಚಿಕ್ಕಮ್ಮ. ಅವ್ರೇನಂತಾರೆ ಅಂತ ನೋಡ್ಲಿಲ್ಲ. ನಾಳೆ ನಾನೇ ಕರ್ಕೊಂಡು ಬತ್ತೀನಿ” ಎಂದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಅಂದೇ ಬೈದು ಮುಗಿಸುತ್ತಿದ್ದೆ.

ಗೆದ್ದವಳ ಹಾಗೆ ಮನೆಗೆ ಬಂದೆ. ಹಿತ್ತಲಲ್ಲಿ ನಿಂತಾಗಲೇ ಹೊಳೆದದ್ದು. ಕೆಲಸ ಮುಗಿದು ವಾರವಾಗಿತ್ತು. ಕೊಬ್ಬರಿ ಮಂಡಿಗೆ ಹೋಗಿತ್ತು, ಸಾಕಮ್ಮನ ಗುಂಪು ತುರುವೇಕೆರೆ ಕಡೆಯ ಅಟ್ಟಗಳಿಗೆ ಹೋಗಿತ್ತು. ನಮ್ಮ ಅಟ್ಟಕ್ಕೆ ಹಸಿ ಕಾಯಿ ಏರಿತ್ತು. ಎಲ್ಲರೂ ಒಪ್ಪುವ ಹೊತ್ತಿಗೆ ಒಡೆಯಲು ಕಾಯಿಯೇ ಇರಲಿಲ್ಲ. ಆಕೆಯನ್ನು ಸಾಕಮ್ಮನ ಜೊತೆ ಊರೂರಿಗೆ ಕಳಿಸುವ ಮಾತು ನಾನೂ ಎತ್ತಲಿಲ್ಲ, ಡಾಕ್ಟರೂ ಎತ್ತಲಿಲ್ಲ.

ಮರುದಿನ ಅಳಿಯನ ಜೊತೆ ಬಂದ ಆಕೆಗೆ ಮಗಳ ಬಾಯಲ್ಲಿ ಫೋನಿನಲ್ಲಿ ಹೇಳಿಸಿದೆ: ಕಾಯಿ ಒಣಗಲಿ, ಮತ್ತೆ ಕೂರೋಣ. ಆಕೆ ಅಟ್ಟದ ಕಡೆ ಕತ್ತೆತ್ತಿ ನೋಡಿ, ಬೆರಳು ಮಡಿಸಿ ತಿಂಗಳು ಎಣಿಸಿದರು. ಎರಡು ಕೈಯ ಬೆರಳೂ ಮುಗಿದವು. ಆಗ ನಕ್ಕರು. ಆ ನಗೆಯನ್ನು ನಾನು ಸಮಾಧಾನ ಎಂದುಕೊಂಡೆ.

ಅಲ್ಲಿಂದ ಪ್ರತಿ ಸೋಮವಾರ, ನನ್ನ ಪೂಜೆ ಮುಗಿದು ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ, ಆಕೆ ಬರುತ್ತಿದ್ದರು. ಕೋಲಿನಿಂದ ತಳ್ಳಿ ಅಟ್ಟದಿಂದ ಒಂದು ಕಾಯಿ ಬೀಳಿಸುತ್ತಿದ್ದೆ. ಆಕೆ ಅಲ್ಲಾಡಿಸಿ, “ನೀರು” ಎನ್ನುತ್ತಿದ್ದರು. ಆಕೆ ಕಲಿತ ಎರಡನೆಯ ಕನ್ನಡ ಮಾತು ಅದು. ಕಾಯಿಯನ್ನು ಮತ್ತೆ ಅಟ್ಟಕ್ಕೆ ಎಸೆಯುತ್ತಿದ್ದೆ. ಆಮೇಲೆ ಅವರೆ, ಸೊಪ್ಪು, ಮನೆಯಲ್ಲಿ ಏನಿದೆಯೋ ಅದನ್ನು ಇಬ್ಬರ ನಡುವೆ ಇಟ್ಟುಕೊಂಡು ನೆಲದಲ್ಲಿ ಕೂರುತ್ತಿದ್ದೆವು. ಅಷ್ಟು ಬುದ್ಧಿ ನನಗೂ ಬಂದಿತ್ತು. ಆದರೆ ವಾರಕ್ಕೆ ಒಂದು ಸೋಮವಾರ. ಉಳಿದ ಆರು ದಿನ ಆಕೆ ಏನು ಮಾಡುತ್ತಿದ್ದರು? ನನಗೂ ಮನೆ ಕೆಲಸ, ಗಂಡನ ಪಥ್ಯ, ನೆಂಟರು ಇಷ್ಟರು. ದಿನವೂ ಬನ್ನಿ ಎಂದು ನಾನು ಕರೆಯಲಿಲ್ಲ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದೆ.

ಗೌರಿ ಹಬ್ಬ ಹೋಯಿತು, ದೀಪಾವಳಿ ಹೋಯಿತು. ನೀರು, ನೀರು, ನೀರು. ಆಕೆ ಸ್ವಲ್ಪ ಸೊರಗಿದ್ದರು, ಬೀದಿ ದಾಟುವಾಗ ಮೊಮ್ಮಗಳ ಕೈ ಹಿಡಿಯುತ್ತಿದ್ದರು. ಧನುರ್ಮಾಸದ ಒಂದು ಸೋಮವಾರ, ಕೊರೆಯುವ ಚಳಿ, ಕಂಬಳಿಯಂಥ ಕೋಟು ಹಾಕಿಕೊಂಡು ಬಂದರು. ಕಾಯಿ ಬೀಳಿಸಿದೆ. ಆಕೆ ಕಿವಿಗಿಟ್ಟು ಅಲ್ಲಾಡಿಸಿದರು. ಲೊಟಲೊಟ.

“ಆಯ್ತು!” ಎಂದರು. ನನ್ನ ಕಿವಿಯ ಹತ್ತಿರವೂ ಹಿಡಿದು ಅಲ್ಲಾಡಿಸಿದರು. “ಆಯ್ತು! ಆಯ್ತು!” ಅಲ್ಲೇ ನೆಲದಲ್ಲಿ ಕೂತು, ತೋಳು ಮಡಚಿಕೊಂಡು, ಮಚ್ಚು ಕೊಡಿ ಎಂದು ಕೈ ಚಾಚಿದರು.

ನಾನು ಕೊಡಲಿಲ್ಲ. ನಮ್ಮ ಮನೆಯಲ್ಲಿ ಶೂನ್ಯಮಾಸದಲ್ಲಿ ಕೊಬ್ಬರಿ ಕೆಲಸ ಶುರುಮಾಡುವುದಿಲ್ಲ. ಅತ್ತೆಯ ಕಾಲದಿಂದ ಬಂದದ್ದು. ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಅಡುಗೆಗೆಂದು ಅದೇ ಅಟ್ಟದಿಂದ ಕಾಯಿ ತೆಗೆಯಲು ಯಾವ ಮಾಸವೂ ಅಡ್ಡ ಬರುವುದಿಲ್ಲ. ಆದರೂ ಕೊಡಲಿಲ್ಲ. “ಸಂಕ್ರಾಂತಿ ಕಳೀಲಿ ಕಣ್ರೀ. ಸಾಕಮ್ಮನ್ನೂ ಕರ್ಸಾನ. ಎಲ್ರೂ ಕೂತ್ಕೊಂಡು ಶುರು ಮಾಡಾನ” ಎಂದು ಕೈಸನ್ನೆ ಮಾಡಿ ಹೇಳಿದೆ. ಆಕೆಗೆ ಎಷ್ಟು ತಿಳಿಯಿತೋ. ಚಾಚಿದ ಕೈಯನ್ನು ನಿಧಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ಆ ಕಾಯಿಯನ್ನು ಮತ್ತೆ ಅಟ್ಟಕ್ಕೆ ಎಸೆದೆ.

ಗುರುವಾರ ಬೆಳಿಗ್ಗೆ ಆಕೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ನೋವಿಲ್ಲದ ಸಾವು, ಅದೂ ಶಿವನ ಕೃಪೆಯೇ ಎಂದು ಬಂದವರೆಲ್ಲ ಅಂದರು. ನಾನೂ ಅಂದೆ. ಮಗಳು ಬೂದಿಯನ್ನು ತಂದೆಯ ಪಕ್ಕದಲ್ಲಿಡಲು ಊರಿಗೆ ತೆಗೆದುಕೊಂಡು ಹೋದಳು.

ಸಂಕ್ರಾಂತಿ ಕಳೆದ ಮೇಲೆ ಅಟ್ಟ ಇಳಿಸಿದೆವು. ಸಾಕಮ್ಮ ಬಂದಳು, ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತಳು. “ಒಂದ್ ಕಾಯಿ ಕೊಡ್ಬೇಕಿತ್ತು ಕಣಕ್ಕ. ಒಂದೇ ಒಂದು. ಶಿವ ಏನ್ ಕಣ್ಣು ಕಿತ್ಕೊಳ್ತಿದ್ನಾ?” ಎಂದಳು.

ಮಧ್ಯಾಹ್ನ ಅವರೆಲ್ಲ ಊಟಕ್ಕೆ ಕೂತಾಗ ನಾನು ರಾಶಿಯ ಮುಂದೆ ಕೂತೆ. ಆಕೆ ‘ಆಯ್ತು’ ಎಂದ ಆ ಕಾಯಿಯನ್ನು ಹುಡುಕಿ, ಮಾರದೆ, ನಾನೇ ಒಡೆಯಬೇಕು ಎನ್ನಿಸಿತು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅಷ್ಟು ಹೊತ್ತಿಗೆ ಎಲ್ಲವೂ ಒಣಗಿದ್ದವು. ಎಲ್ಲವೂ ಒಂದೇ ಥರ ಸದ್ದು ಮಾಡಿದವು.